ಅಕ್ಷರ ಅದೇ, ಕಿಂಗ್ ಬೇರೆ

ಅಮೆರಿಕದ ಸಿಯಾಟಲ್ ನಗರವಿರುವುದು ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಇಲ್ಲಿನ ‘ಕಿಂಗ್’ ರಾಜನಲ್ಲ, ಮನುಷ್ಯರ ಹೆಸರು. ಆದರೆ ಯಾವ ಕಿಂಗ್?

1852ರ ನವೆಂಬರ್‌ನಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಅಧ್ಯಕ್ಷರಾಗಿಯೂ ಅಲಬಾಮಾದ ವಿಲಿಯಂ ರೂಫಸ್ ಕಿಂಗ್ ಉಪಾಧ್ಯಕ್ಷರಾಗಿಯೂ ಚುನಾಯಿತರಾದರು. ಈ ಸೀಮೆ ಆಗ ಆರೆಗಾನ್ ಪ್ರಾಂತ್ಯಕ್ಕೆ ಸೇರಿತ್ತು. ಮರುತಿಂಗಳೇ ಅಲ್ಲಿನ ಶಾಸನಸಭೆ ಅಕ್ಕಪಕ್ಕದ ಎರಡು ಹೊಸ ಕೌಂಟಿಗಳಿಗೆ ಇಬ್ಬರ ಹೆಸರನ್ನೂ ಇಟ್ಟಿತು. ಗೆದ್ದವರಿಗೆ ದೂರದ ಗಡಿನಾಡು ಸಲ್ಲಿಸಿದ ಗೌರವವದು. ಆದರೆ ಕಿಂಗ್ ಹೆಚ್ಚು ದಿನ ಬದುಕಲಿಲ್ಲ. ಕ್ಷಯರೋಗದಿಂದ ಬಳಲುತ್ತ ಕ್ಯೂಬಾದಲ್ಲೇ ಪ್ರಮಾಣವಚನ ಸ್ವೀಕರಿಸಿದ ಅವರು 1853ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪದವಿ ದಕ್ಕಿದ್ದು ಆರೇಳು ವಾರ. ಹೆಸರು ಮಾತ್ರ ನಕ್ಷೆಯಲ್ಲಿ ಉಳಿಯಿತು.

ಕಿಂಗ್ ಗುಲಾಮರನ್ನಿಟ್ಟುಕೊಂಡು ಬೇಸಾಯ ಮಾಡಿಸುತ್ತಿದ್ದ ಜಮೀನ್ದಾರರು. ಅಂಥವರ ನೆನಪು ಬೇಡವೆಂದು 1986ರಲ್ಲಿ ಕೌಂಟಿ ಪರಿಷತ್ತು ಅದೇ ಹೆಸರನ್ನು ಕರಿಯರ ಹಕ್ಕಿಗಾಗಿ ಹೋರಾಡಿ ಪ್ರಾಣತೆತ್ತ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅರ್ಪಿಸಿತು. ನಿರ್ಣಯದ ಪರ 5 ಮತ, ವಿರುದ್ಧ 4. ರಾಜ್ಯದ ಕಾನೂನಿನ ಮುದ್ರೆ ಬಿದ್ದದ್ದು 2005ರಲ್ಲಿ.

ಒಂದಕ್ಷರವೂ ಬದಲಾಗಲಿಲ್ಲ. ಹಳೆಯ ಫಲಕ, ಹಳೆಯ ನಕ್ಷೆ ಯಾವುದೂ ಸುಳ್ಳಾಗಲಿಲ್ಲ. ಬದಲಾದದ್ದು ಆ ಹೆಸರು ಹೇಳುವಾಗ ಯಾರನ್ನು ನೆನೆಯಬೇಕೆಂಬ ತೀರ್ಮಾನ. ಅಷ್ಟಕ್ಕೇ 19 ವರ್ಷ ಹಿಡಿಯಿತು ಎಂದರೆ, ಊರಿನ ಹೆಸರಿನ ತೂಕ ಎಷ್ಟೆಂದು ತಿಳಿಯುತ್ತದೆ.