ಗಾಳಿಯ ಹಿಡಿತ, ಕಲ್ಲಿನ ಭಾರ

ಸ್ನಾನದ ಮನೆಯ ಗೋಡೆಗೆ ಒತ್ತಿ ಕೂರಿಸುವ ರಬ್ಬರು ಬಟ್ಟಲಿನ ಗೂಟವನ್ನು ನೀವು ಬಳಸಿರಬಹುದು. ಸಂಜೆ ಒತ್ತಿದಾಗ ಎಳೆದರೂ ಬಾರದಂತೆ ಕುಳಿತಿರುತ್ತದೆ. ಟವಲು ತೂಗುಹಾಕಿ ಮಲಗಿದರೆ ನಡುರಾತ್ರಿ ಟಪ್ಪೆಂದು ಬೀಳುತ್ತದೆ. ಟವಲು ಬಿದ್ದರೆ ಮತ್ತೆ ಜಾಲಿಸಿ ಹಾಕಿದರಾಯಿತು. ಆದರೆ ಗ್ರಾನೈಟು ಕಾರ್ಖಾನೆಗಳಲ್ಲಿಯೂ ಗಾಜಿನ ಉಗ್ರಾಣಗಳಲ್ಲಿಯೂ ಇದೇ ಹಿಡಿತವನ್ನು ನಂಬಿ ಮುನ್ನೂರು ಕಿಲೋ ಭಾರವನ್ನು ಎತ್ತಿ ಸಾಗಿಸುತ್ತಾರೆ. ಅಲ್ಲಿ ಟಪ್ಪೆಂದರೆ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟಲು ಕಲ್ಲನ್ನು ಹೀರಿ ಹಿಡಿಯುತ್ತದೆಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ಕೆಲಸ ಮಾಡುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚು ಭಾರ ಹಾಕುತ್ತಲೇ ಇರುತ್ತದೆ. ಬಟ್ಟಲಿನೊಳಗಿನ ಗಾಳಿಯನ್ನು ಪಂಪು ಹೊರಹಾಕಿದರೆ ಒಳಗಿನ ಒತ್ತಡ ತಗ್ಗಿ, ಹೊರಗಿನದು ಕಲ್ಲನ್ನು ಬಟ್ಟಲಿಗೆ ಅದುಮಿ ನಿಲ್ಲಿಸುತ್ತದೆ. (ಹಲ್ಲಿಯೂ ಗೋಡೆಯ ಮೇಲೆ ಹೀಗೆಯೇ ನಿಲ್ಲುತ್ತದೆಂದು ಬಹುಮಂದಿ ನಂಬಿದ್ದಾರೆ. ಅದು ಸರಿಯಲ್ಲ, ಅದರ ಪಾದದ ಗುಟ್ಟೇ ಬೇರೆ.) ಜರ್ಮನಿಯ ಮಾಗ್ಡೆಬರ್ಗ್ ನಗರದ ಓಟೊ ಫಾನ್ ಗೆರಿಕೆ 17ನೆಯ ಶತಮಾನದ ಮಧ್ಯಭಾಗದಲ್ಲಿ ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡು ಕಡೆಗೂ ಕುದುರೆಗಳನ್ನು ಕಟ್ಟಿ ಎಳೆಸಿದ ಕಥೆಯನ್ನು ಶಾಲೆಯಲ್ಲಿ ಓದಿದ್ದೀರಿ. ಕುದುರೆಗಳ ಕಥೆ ಎಲ್ಲರಿಗೂ ನೆನಪಿರುತ್ತದೆ. ಒಳಕ್ಕೆ ಗಾಳಿ ಬಿಟ್ಟೊಡನೆ ಆ ಗೋಳಗಳು ಸುಲಭವಾಗಿ ಬೇರೆಯಾದದ್ದು ಮಾತ್ರ ಮರೆತುಹೋಗುತ್ತದೆ. ಯಂತ್ರ ನಡೆಸುವವನು ನೆನಪಿಡಬೇಕಾದದ್ದು ಈ ಎರಡನೆಯ ಭಾಗವನ್ನು.

ಒಂದು ಲೆಕ್ಕ ನೋಡೋಣ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಸೆಂಟಿಮೀಟರ್ ದಪ್ಪದ ಗ್ರಾನೈಟು ಹಲಗೆ ಸುಮಾರು 320 ಕಿಲೋ ತೂಗುತ್ತದೆ. 30 ಸೆಂಟಿಮೀಟರ್ ವ್ಯಾಸದ ಬಟ್ಟಲಿನ ವಿಸ್ತಾರ ಸುಮಾರು 700 ಚದರ ಸೆಂಟಿಮೀಟರ್. ಒಳಗಿನ ಗಾಳಿಯಲ್ಲಿ ನೂರಕ್ಕೆ ಅರವತ್ತು ಪಾಲು ತೆಗೆದರೆ ಹಿಡಿತ 430 ಕಿಲೋ. ಹಾಗಾದರೆ ಒಂದೇ ಬಟ್ಟಲು ಸಾಕಲ್ಲವೆ? ಸಾಲದು. ಭಾರದ ಎರಡು ಪಟ್ಟಾದರೂ ಹಿಡಿತವಿರಬೇಕೆಂಬುದು ಈ ಕೆಲಸದ ಕಟ್ಟಳೆ; ಹಲಗೆಯನ್ನು ಮಟ್ಟಸವಾಗಿ ಎತ್ತುವುದಕ್ಕೇ ಎರಡು ಬಟ್ಟಲು ಬೇಕು. ಇನ್ನು ಅದನ್ನು ನೆಟ್ಟಗೆ ನಿಲ್ಲಿಸಿದರೆ ಸಂಗತಿಯೇ ಬದಲಾಗುತ್ತದೆ. ಆಗ ಕಲ್ಲು ಕಳಚಿಕೊಳ್ಳುವುದಿಲ್ಲ, ಜಾರುತ್ತದೆ. ಜಾರದಂತೆ ತಡೆಯುವುದು ರಬ್ಬರಿನ ತಿಕ್ಕಾಟ ಮಾತ್ರ. ಒಣಗಿದ ನಯವಾದ ಕಲ್ಲಿನ ಮೇಲೆ ಅದನ್ನು ಹಿಡಿತದ ಅರ್ಧವೆಂದು ಎಣಿಸಿದರೂ, ಎರಡು ಪಟ್ಟಿನ ಕಟ್ಟಳೆ ಸೇರಿ, ಒಂದು ಬಟ್ಟಲಿನ ಪಾಲಿಗೆ ನೂರು ಕಿಲೋ ಚಿಲ್ಲರೆ ಉಳಿಯುತ್ತದೆ. ಅದೇ ಹಲಗೆಗೆ ಈಗ ನಾಲ್ಕು ಬಟ್ಟಲು!

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಿಡಿತವೂ ಅಷ್ಟೇ ಕಡಿಮೆ.

ಬಟ್ಟಲಿಗೆ ನಯವಾದ ಮುಖ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಹೊಳಪು ಕೊಟ್ಟಿದ್ದರೆ ಅದು ಚೆನ್ನಾಗಿ ಕೂರುತ್ತದೆ. ಉಳಿಯ ಗುರುತಿರುವ ಒರಟು ಕಲ್ಲಿನಲ್ಲಿ ಅಂಚಿನಿಂದ ಗಾಳಿ ನುಸುಳುತ್ತದೆ. ಬಾದಾಮಿಯ ಕಡೆಯ ಮರಳುಗಲ್ಲಿನಂಥದರಲ್ಲಿ ಕಲ್ಲಿನ ಒಡಲಿನಿಂದಲೇ ನುಸುಳಬಹುದು. ಕಲ್ಲು ಕೊಯ್ದ ಮೇಲೆ ಉಳಿಯುವ ಬಿಳಿ ಹುಡಿ ಎಲ್ಲಕ್ಕಿಂತ ಕಳ್ಳ. ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ಆದ್ದರಿಂದ ಕಲ್ಲನ್ನೂ ರಬ್ಬರಿನ ತುಟಿಯನ್ನೂ ಒರಸಬೇಕು. ತುಟಿ ಹರಿದಿದ್ದರೆ, ಗಡುಸಾಗಿ ಬಿರಿದಿದ್ದರೆ, ಅಂಟು ಹಚ್ಚಿ ದುಡಿಸುವ ಜಾಣತನ ಬೇಡ, ಬದಲಾಯಿಸಿರಿ. ಹಲಗೆಯಲ್ಲಿ ಕೂದಲೆಳೆಯ ಬಿರುಕಿದೆಯೆ ನೋಡಿರಿ. ಬಟ್ಟಲು ತನ್ನ ಕೆಳಗಿನ ತುಂಡನ್ನು ಹಿಡಿದುಕೊಂಡೇ ಇರುತ್ತದೆ, ಇನ್ನೊಂದು ತುಂಡು ಕಾಲಮೇಲೆ ಬೀಳುತ್ತದೆ. ಗಾಜಿನ ಮೇಲೆ ಅಂಟಿಸಿದ ತೆಳು ಹಾಳೆಯೂ ಹೀಗೆಯೇ ಮೋಸಮಾಡುತ್ತದೆ: ಬಟ್ಟಲಿಗೆ ಸಿಕ್ಕುವುದು ಹಾಳೆ, ಗಾಜಲ್ಲ.

ಬಟ್ಟಲುಗಳು ಹಲಗೆಯ ನಡುಭಾಗಕ್ಕೆ ಸರಿಯಾಗಿರಬೇಕು. ಮಾಪಕದ ಮುಳ್ಳು ಹಸಿರು ಪಟ್ಟಿಗೆ ಬಂದ ಮೇಲೆ ನಾಲ್ಕು ಬೆರಳಿನಷ್ಟು ಮಾತ್ರ ಎತ್ತಿ ನಿಲ್ಲಿಸಿ ಕಾಯಿರಿ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಈ ಕಾಯುವಿಕೆಯಲ್ಲಿ ಕಳೆಯುವ ಸಮಯಕ್ಕೆ ಮೇಸ್ತ್ರಿಗಳು ಗೊಣಗುವುದುಂಟು, ಗೊಣಗಲಿ. ಸಾಗಿಸುವಾಗ ಹಲಗೆ ನೆಲಕ್ಕೆ ಹತ್ತಿರವಿರಲಿ, ದಾರಿ ಮೊದಲೇ ತೆರವಾಗಿರಲಿ, ಅದರ ಕೆಳಗಾಗಲಿ ಅದು ವಾಲಬಹುದಾದ ಬದಿಯಲ್ಲಾಗಲಿ ಯಾರೂ ನಿಲ್ಲಬಾರದು. ಕರೆಂಟು ಹೋದರೆ? ಒಳ್ಳೆಯ ಯಂತ್ರದಲ್ಲಿ ಗಾಳಿ ತೆಗೆದಿಟ್ಟ ಉಗ್ರಾಣದ ತೊಟ್ಟಿಯೂ ಹಿಂದಕ್ಕೆ ಬಿಡದ ಕವಾಟವೂ ಇದ್ದು, ಸ್ವಲ್ಪ ಹೊತ್ತು ಹಿಡಿತ ಉಳಿಯುತ್ತದೆ, ಕರೆಗಂಟೆ ಬಾರಿಸುತ್ತದೆ. ಆ ಹೊತ್ತು ಇರುವುದು ಹಲಗೆಯನ್ನು ಇಳಿಸುವುದಕ್ಕೆ, ಕರೆಂಟು ಬರಲೆಂದು ಕಾಯುವುದಕ್ಕಲ್ಲ. ಕಲ್ಲು ಒರಗುಗಟ್ಟಿಗೆಯ ಮೇಲೆ ಪೂರ್ತಿ ಕುಳಿತು ಭಾರವೆಲ್ಲ ಅದರ ಮೇಲೆ ಬಿದ್ದಮೇಲೆಯೇ ಗಾಳಿ ಬಿಡುವ ಗುಂಡಿಯನ್ನು ಒತ್ತಬೇಕು.

ನಿಮ್ಮ ಮನೆಗೆ ಅಡಿಗೆಕಟ್ಟೆಯ ಕಲ್ಲೋ ಕಿಟಕಿಯ ದೊಡ್ಡ ಗಾಜೋ ಬರುವ ದಿನ ಇಷ್ಟು ದೊಡ್ಡ ಯಂತ್ರ ಬರಲಾರದು. ಕೆಲಸದವರು ಕೈಪಂಪಿನ ಬಟ್ಟಲುಗಳನ್ನು ತರಬಹುದು. ಅವುಗಳಲ್ಲಿ ಕೆಲವಕ್ಕೆ ಪಂಪಿನ ದಂಡದ ಮೇಲೆ ಕೆಂಪು ಗೆರೆಯಿರುತ್ತದೆ. ಗೆರೆ ಹೊರಗೆ ಕಂಡಿತೆಂದರೆ ಹಿಡಿತ ಸಡಿಲವಾಗಿದೆ; ಕೂಡಲೇ ಮತ್ತೆ ಒತ್ತಬೇಕು. ಪದೇಪದೇ ಕಾಣಿಸಿಕೊಂಡರೆ ಕಲ್ಲನ್ನು ಕೆಳಗಿಳಿಸಿ ಆ ಬಟ್ಟಲನ್ನು ಬದಿಗಿಡಬೇಕು. ಹೊತ್ತವರಿಗೆ ತಮ್ಮ ಕೈಯ ಗೆರೆ ಒಮ್ಮೊಮ್ಮೆ ಕಾಣುವುದಿಲ್ಲ, ಬಾಗಿಲಲ್ಲಿ ನಿಂತ ನಿಮಗೆ ಕಾಣುತ್ತದೆ. ಕಂಡರೆ ಕೂಗಿ ಹೇಳಿರಿ; ಮಕ್ಕಳನ್ನು ಮಾತ್ರ ಮೊದಲೇ ಒಳಕೋಣೆಗೆ ಕಳುಹಿಸಿರಿ.