ನಿಮಗಿದು ಗೊತ್ತೆ?: ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೈನಿಕನಲ್ಲ
ಅಗತ್ಯ ಬಿದ್ದರೆ ಸೈನ್ಯಕ್ಕೆ ಕರೆಯಲೆಂದು ಯುವಕರ ಹೆಸರು ದಾಖಲಿಸುವ ಅಮೆರಿಕದ ‘ಸೆಲೆಕ್ಟಿವ್ ಸರ್ವಿಸ್’ ಪಟ್ಟಿಗೆ ಹೆಸರು ಹೋದರೆ ಹುಡುಗ ಸೈನ್ಯಕ್ಕೆ ಸೇರಿದಂತೆಯೇ ಎಂದು ಹೆದರುವವರಿದ್ದಾರೆ. ಹಾಗೇನಿಲ್ಲ. ಅಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿತು. 1980ರಿಂದ ನಡೆಯುತ್ತಿರುವುದು ಬರೀ ನೋಂದಣಿ. ಭರ್ತಿ ಮತ್ತೆ ಶುರುವಾಗಬೇಕಾದರೆ ಅಲ್ಲಿನ ಸಂಸತ್ತೇ ಕಾನೂನು ತಿದ್ದಬೇಕು. ಸೇನೆಯ ನೇಮಕಾತಿ ಅಧಿಕಾರಿ ಶಾಲೆಗೆ ಬರಬಹುದು, ಮನೆಗೆ ಫೋನ್ ಮಾಡಬಹುದು. ಯಾರನ್ನೂ ಒತ್ತಾಯದಿಂದ ಸೇರಿಸಿಕೊಳ್ಳುವ ಅಧಿಕಾರ ಅವರಿಗಿಲ್ಲ.

ಹೆಸರು ನೋಂದಾಯಿಸಲೇಬೇಕೆಂಬ ನಿಯಮ ನಾಗರಿಕರಿಗಷ್ಟೇ ಎಂಬುದೂ ತಪ್ಪು. ಗ್ರೀನ್ ಕಾರ್ಡ್ ಇರುವ 18ರಿಂದ 25 ವರ್ಷದ ಹುಡುಗರಿಗೂ ಅದು ಅನ್ವಯಿಸುತ್ತದೆ. ಚಾಲ್ತಿಯಲ್ಲಿರುವ ವಿದ್ಯಾರ್ಥಿ ವೀಸಾ ಅಥವಾ ಉದ್ಯೋಗಿಗಳ ಕುಟುಂಬದವರಿಗೆ ಕೊಡುವ ಎಚ್-4 ವೀಸಾ ಇರುವವರಿಗೆ ಇಲ್ಲ. ಒಬ್ಬನೇ ಮಗ ಎಂದರೂ ನೋಂದಣಿಗೆ ವಿನಾಯಿತಿಯಿಲ್ಲ! 26 ತುಂಬಿದ ಮೇಲೆ ನೋಂದಾಯಿಸಲು ಬರುವುದಿಲ್ಲ. ನೋಂದಾಯಿಸದೇ ಇದ್ದದ್ದೇ ಮುಂದೆ ಪೌರತ್ವದ ಅರ್ಜಿಗೆ ತೊಡಕಾಗಬಹುದು. ಅಲ್ಲಿ ನಿಮ್ಮ ಮೊಮ್ಮಗನೋ ತಂಗಿಯ ಮಗನೋ ಇದ್ದರೆ ಈ ವಿಷಯ ಒಮ್ಮೆ ಕೇಳಿ ನೋಡಿ.