ಬ್ರೌಸರ್‌ನಿಂದ ಬ್ರೌಸರ್‌ಗೆ ನೇರ ದಾರಿ

ಪ್ರಶ್ನೆ: ಬೇರೆ ತಂತ್ರಾಂಶವನ್ನು ಹಾಕಿಕೊಳ್ಳದೆ, ಬ್ರೌಸರ್ ಮೂಲಕವೇ ಎರಡು ಕಂಪ್ಯೂಟರ್‌ಗಳು ಕಡತಗಳನ್ನೂ ಸಂದೇಶಗಳನ್ನೂ ನೇರವಾಗಿ ವಿನಿಮಯ ಮಾಡಿಕೊಳ್ಳುವುದು ಹೇಗೆ?

ಉತ್ತರ: ಬ್ರೌಸರ್ ಎಂಬುದು ಮೂಲತಃ ಸರ್ವರ್‌ನಿಂದ, ಅಂದರೆ ಮಾಹಿತಿಯನ್ನು ಸಂಗ್ರಹಿಸಿಟ್ಟು ಕೇಳಿದವರಿಗೆ ಒದಗಿಸುವ ಕಂಪ್ಯೂಟರ್‌ನಿಂದ, ಪುಟಗಳನ್ನು ತರಿಸಿಕೊಳ್ಳುವ ಸಾಧನ; ಒಂದು ಬ್ರೌಸರ್ ಮತ್ತೊಂದರೊಡನೆ ನೇರವಾಗಿ ವ್ಯವಹರಿಸುವ ಏರ್ಪಾಡು ಅದರ ರಚನೆಯಲ್ಲಿ ಇರಲಿಲ್ಲ. ಈ ಕೊರತೆಯನ್ನು ನೀಗಿಸಿದ್ದು, ಗೂಗಲ್ ಸಂಸ್ಥೆಯು 2011ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಹಾಗೂ ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟವು 2021ರ ಜನವರಿಯಲ್ಲಿ ಅಧಿಕೃತವಾಗಿ ಅಂಗೀಕರಿಸಿದ ವೆಬ್‌ಆರ್‌ಟಿಸಿ ಎಂಬ ತಂತ್ರಜ್ಞಾನ.

ಇಲ್ಲಿಯೂ ಸರ್ವರ್ ಪೂರ್ತಿಯಾಗಿ ಮರೆಯಾಗುವುದಿಲ್ಲ. ಮನೆ, ಕಚೇರಿಗಳ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ರೂಟರ್‌ನ ಹಿಂದೆ ಖಾಸಗಿ ವಿಳಾಸದಲ್ಲಿರುವುದರಿಂದ, ಹೊರಗಿನ ಅಂತರ್ಜಾಲಕ್ಕೆ ತಾವು ಯಾವ ವಿಳಾಸದಲ್ಲಿ ಕಾಣುತ್ತೇವೆಂಬುದು ಅವುಗಳಿಗೇ ತಿಳಿದಿರುವುದಿಲ್ಲ; ಅದನ್ನು ತಿಳಿಸಿಕೊಡುವುದು ಸ್ಟನ್ ಸರ್ವರ್. ಹೀಗೆ ತಿಳಿದ ವಿಳಾಸಗಳನ್ನು ಸಿಗ್ನಲಿಂಗ್ ಸರ್ವರ್ ಎಂಬ ಮಧ್ಯವರ್ತಿಯ ಮೂಲಕ ಎರಡೂ ಕಡೆಯವರು ಹಂಚಿಕೊಂಡ ಮೇಲೆ ಸಂಪರ್ಕ ಏರ್ಪಟ್ಟು, ಧ್ವನಿ ಮತ್ತು ದೃಶ್ಯಗಳಷ್ಟೇ ಅಲ್ಲದೆ, ಡೇಟಾ ಚಾನೆಲ್ ಎಂಬ ವಾಹಿನಿಯಲ್ಲಿ ಬರಹ, ಕಡತಗಳೂ ಗೂಢಲಿಪಿಯ ರೂಪದಲ್ಲಿ ನೇರವಾಗಿ ಸಾಗುತ್ತವೆ. ಕಟ್ಟುನಿಟ್ಟಾದ ಫೈರ್‌ವಾಲ್ ನೇರ ದಾರಿಯನ್ನು ತಡೆದಾಗ ಟರ್ನ್ ಸರ್ವರ್ ನಡುವೆ ನಿಂತು ಮಾಹಿತಿಯನ್ನು ದಾಟಿಸುತ್ತದೆಯಾದರೂ, ಅದರೊಳಗೆ ಏನಿದೆ ಎಂಬುದನ್ನು ಅದು ಓದಲಾರದು.

ಕಡತವು ನಡುವೆ ಎಲ್ಲಿಯೂ ಸಂಗ್ರಹವಾಗದ ಕಾರಣ, ರವಾನೆ ಮುಗಿಯುವವರೆಗೆ ಎರಡೂ ಬ್ರೌಸರ್‌ಗಳು ತೆರೆದಿರಬೇಕು. ಅಲ್ಲದೆ ನೇರ ಸಂಪರ್ಕದಲ್ಲಿ ಒಬ್ಬರ ಐಪಿ ವಿಳಾಸ ಇನ್ನೊಬ್ಬರಿಗೆ ತಿಳಿಯಬಹುದಾದ್ದರಿಂದ, ಅಪರಿಚಿತರೊಡನೆ ಈ ಸೌಲಭ್ಯವನ್ನು ಬಳಸುವಾಗ ಎಚ್ಚರ ಅಗತ್ಯ.